ಕಾಸು ಉಳಿಸಲು ಬಂದ ಬ್ಯಾಟು, ಒಮಾಹಾಕ್ಕೆ ಹೋಗುವ ದಾರಿ

1979ರ ಡಿಸೆಂಬರ್‌ನಲ್ಲಿ ಪರ್ತ್ ಟೆಸ್ಟ್‌ಗೆ ಡೆನಿಸ್ ಲಿಲಿ ಅಲ್ಯೂಮಿನಿಯಂ ಬ್ಯಾಟ್ ಹಿಡಿದು ಬಂದ ಕತೆ ಕ್ರಿಕೆಟ್ ಹುಚ್ಚಿನ ಮಂದಿಗೆ ಗೊತ್ತೇ ಇದೆ. ಚೆಂಡು ಹಾಳಾಗುತ್ತೆ ಅಂತ ಇಂಗ್ಲೆಂಡ್ ನಾಯಕ ಮೈಕ್ ಬ್ರಿಯರ್ಲಿ ತಕರಾರು ತೆಗೆದರು. ಆಟ ನಿಂತಿತು. ಲಿಲಿ ಸಿಟ್ಟಿನಲ್ಲಿ ಬ್ಯಾಟನ್ನೇ ಎಸೆದರು. ಮುಂದೆ ಬ್ಯಾಟ್ ಮರದ್ದೇ ಆಗಿರಬೇಕು ಎಂದು ಕಾನೂನಿನಲ್ಲೇ ಬರೆದುಬಿಟ್ಟರು. ಕ್ರಿಕೆಟ್‌ನಲ್ಲಿ ಆ ಮಾತು ಅಲ್ಲಿಗೆ ಮುಗಿಯಿತು.

ಆದರೆ ಅದೇ ಹೊತ್ತಿಗೆ ಅಮೆರಿಕದ ಕಾಲೇಜು ಹುಡುಗರು ಅಲ್ಯೂಮಿನಿಯಂ ಬ್ಯಾಟ್‌ನಲ್ಲಿ ಬೇಸ್‌ಬಾಲ್ ಆಡಲು ಶುರುಮಾಡಿ ಐದು ವರ್ಷ ಆಗಿತ್ತು. ಅಲ್ಲಿ ಯಾರೂ ಎಸೆಯಲಿಲ್ಲ. ಇವತ್ತಿಗೂ ಎಸೆದಿಲ್ಲ.

ಪ್ರತಿ ಜೂನ್‌ನಲ್ಲಿ ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಲ್ಲಿ ಕಾಲೇಜ್ ವರ್ಲ್ಡ್ ಸೀರೀಸ್ ನಡೆಯುತ್ತದೆ. ಕಾಲೇಜು ಬೇಸ್‌ಬಾಲ್‌ನ ರಾಷ್ಟ್ರೀಯ ಚಾಂಪಿಯನ್ ಯಾರು ಅಂತ ತೀರ್ಮಾನ ಆಗುವುದು ಅಲ್ಲೇ. ಒಮಾಹಾದ ಸಂಜೆ ಏಳರ ಆಟ ನಮಗೆ ಬೆಳಗಿನ ಜಾವ ಐದೂವರೆ. ಕಾಫಿ ಕಾಯಿಸಿಕೊಂಡು ಕೂತರೆ ಮೊದಲು ಕಿವಿಗೆ ಬೀಳುವುದು ಆ 'ಟಿಣ್' ಸದ್ದು. ವೃತ್ತಿಪರರು ಮರದ ಬ್ಯಾಟಿನಲ್ಲೇ ಆಡುವ ದೊಡ್ಡ ಲೀಗ್ ಬೇಸ್‌ಬಾಲ್ ನೋಡಿ ಅಭ್ಯಾಸ ಇದ್ದವರಿಗೆ ಯಾರೋ ಅಡುಗೆಮನೆಯಲ್ಲಿ ಪಾತ್ರೆ ಬೀಳಿಸಿದ ಹಾಗೆ ಅನ್ನಿಸುತ್ತದೆ.

ಈಚಿನ ವರ್ಷಗಳಲ್ಲಿ ಈ ಟೂರ್ನಿಯ ಸುತ್ತ ಜಗಳ ಜಾಸ್ತಿಯಾಗಿದೆ. ಸ್ಕಾಲರ್‌ಶಿಪ್ ಎಷ್ಟು, ತಂಡದಲ್ಲಿ ಎಷ್ಟು ಹುಡುಗರು, ಯಾರು ಯಾವ ಕಾಲೇಜಿಂದ ಯಾವ ಕಾಲೇಜಿಗೆ ಹಾರಿದರು, ಒಂದೇ ಭಾಗದ ಕಾಲೇಜುಗಳೇ ಯಾಕೆ ಗೆಲ್ಲುತ್ತಿವೆ. ಹೊಸದಾಗಿ ನೋಡಲು ಕೂತವರಿಗೆ ತಲೆಬುಡ ತಿಳಿಯುವುದಿಲ್ಲ. ನನ್ನ ಮಟ್ಟಿಗೆ ಇದನ್ನು ಬಿಡಿಸಲು ಹಿಡಿಯಬೇಕಾದ ದಾರ ಒಂದೇ. ಕಾಸು ಉಳಿಸಬೇಕು ಅಂತ ಮಾಡಿದ ಒಂದೊಂದು ಏರ್ಪಾಡೂ ಇನ್ನೆಲ್ಲೋ ಖರ್ಚಾಗಿ ಎದ್ದು ಬಂದಿದೆ.

ಹಳೆಯ ಕತೆ ಬೇಗ ಹೇಳಿಬಿಡುತ್ತೇನೆ. ಮೊದಲ ಫೈನಲ್ 1947ರಲ್ಲಿ, ಮಿಷಿಗನ್‌ನ ಕಲಮಜೂ ಎಂಬ ಊರಲ್ಲಿ. ಕ್ಯಾಲಿಫೋರ್ನಿಯಾ ತಂಡ ಯೇಲ್ ತಂಡವನ್ನು ಸೋಲಿಸಿತು. ಯೇಲ್ ಕಡೆ ಫಸ್ಟ್ ಬೇಸ್‌ನಲ್ಲಿ ನಿಂತಿದ್ದ ಎತ್ತರದ ಹುಡುಗ ಮುಂದೆ ಅಮೆರಿಕದ ಅಧ್ಯಕ್ಷನಾದ ಜಾರ್ಜ್ ಎಚ್. ಡಬ್ಲ್ಯು. ಬುಷ್. ಮರುವರ್ಷವೂ ಅದೇ ಊರು, 1949ರಲ್ಲಿ ಕ್ಯಾನ್ಸಸ್‌ನ ವಿಚಿಟಾ, 1950ರಿಂದ ಒಮಾಹಾ. ಮೊದಲ ಹತ್ತು ಹನ್ನೆರಡು ವರ್ಷದಲ್ಲಿ ಹೆಚ್ಚಿನವು ನಷ್ಟದ ವರ್ಷಗಳೇ. ಊರಿನವರು ಕೈಬಿಡಲಿಲ್ಲ, ಟೂರ್ನಿ ಉಳಿಯಿತು. ಆಗ ಉತ್ತರದ ಚಳಿ ರಾಜ್ಯಗಳೂ ಗೆಲ್ಲುತ್ತಿದ್ದವು. ಮಿನೆಸೋಟ ಮೂರು ಸಲ, ಮಿಷಿಗನ್ ಎರಡು ಸಲ, 1966ರಲ್ಲಿ ಒಹಾಯೊ ಸ್ಟೇಟ್. ಆಮೇಲೆ ಸದರ್ನ್ ಕ್ಯಾಲಿಫೋರ್ನಿಯಾ ತಂಡದ ಕಾಲ. ರಾಡ್ ಡೆಡೊ ಎಂಬ ಕೋಚ್ 1970ರಿಂದ 1974ರವರೆಗೆ ಸತತ ಐದು ಸಲ ಕಪ್ ಗೆದ್ದರು.

ಆ ಐದನೇ ಕಪ್‌ನ ವರ್ಷವೇ, 1974ರಲ್ಲೇ, ಅಲ್ಯೂಮಿನಿಯಂ ಬ್ಯಾಟ್‌ಗೆ ಒಪ್ಪಿಗೆ ಸಿಕ್ಕಿತು.

ಕಾರಣ ತುಂಬ ಸರಳ. ಮರದ ಬ್ಯಾಟ್ ಮುರಿಯುತ್ತದೆ. ಬೇಸ್‌ಬಾಲ್ ಬ್ಯಾಟಿನ ಹಿಡಿ ತೆಳುವು. ಚೆಂಡು ಹಿಡಿಯ ಹತ್ತಿರ ಬಿದ್ದರೆ ಟಪ್ ಅಂತ ಎರಡು ತುಂಡು. ಒಂದು ತಂಡಕ್ಕೆ ವರ್ಷಕ್ಕೆ ರಾಶಿ ರಾಶಿ ಬ್ಯಾಟ್ ಬೇಕು. ಲೋಹದ್ದಾದರೆ ಒಂದನ್ನೇ ಇಡೀ ಸೀಸನ್ ಬಳಸಬಹುದು. ಬೇಸ್‌ಬಾಲ್‌ನಿಂದ ದುಡ್ಡು ಬಾರದ ಕಾಲೇಜುಗಳಿಗೆ ಇದಕ್ಕಿಂತ ಒಳ್ಳೆ ಉಪಾಯ ಬೇಕಾ? ಬೇಡ ಅನ್ನಲು ಯಾರಿಗೂ ಕಾರಣ ಇರಲಿಲ್ಲ.

ಆದರೆ ಆ ಬ್ಯಾಟ್ ಮರದ ಬ್ಯಾಟಿನ ಬದಲಿ ಆಗಿ ಉಳಿಯಲಿಲ್ಲ. ಅದು ಬೇರೆಯೇ ಸಾಮಾನು. ಒಳಗೆ ಟೊಳ್ಳು. ಚೆಂಡು ಬಡಿದಾಗ ಗೋಡೆ ಒಂದಿಷ್ಟು ಒಳಗೆ ತಗ್ಗಿ ಮತ್ತೆ ಪುಟಿಯುತ್ತದೆ, ಚೆಂಡನ್ನೂ ಪುಟಿಸುತ್ತದೆ. ಮರ ಹೀಗೆ ತಗ್ಗುವುದಿಲ್ಲ. ಅಲ್ಲಿ ತಗ್ಗುವುದು ಚೆಂಡು, ಶಕ್ತಿ ಅಲ್ಲೇ ಪೋಲಾಗುತ್ತದೆ. ಮೇಲಾಗಿ ಟೊಳ್ಳು ಬ್ಯಾಟಿನ ಭಾರ ಕೈಯ ಹತ್ತಿರಕ್ಕೆ ಬರುತ್ತದೆ, ಬೀಸಲು ಸಲೀಸು. ಚೆನ್ನಾಗಿ ಹೊಡೆಯಬಲ್ಲ ಜಾಗವೂ ದೊಡ್ಡದು. ಬ್ಯಾಟರ್‌ನ ಮೈಯ ಕಡೆಗೆ, ಒಳಕ್ಕೆ ಎಸೆದು ಬ್ಯಾಟ್ ಮುರಿಯುವಂತೆ ಮಾಡುವುದು ಪಿಚರ್‌ನ, ಅಂದರೆ ಚೆಂಡು ಎಸೆಯುವವನ, ಹಳೆಯ ವಿದ್ಯೆ. ಲೋಹದ ಮುಂದೆ ಆ ವಿದ್ಯೆ ನಡೆಯಲಿಲ್ಲ. ತಪ್ಪಾಗಿ ತಾಗಿದ ಚೆಂಡೂ ಫೀಲ್ಡರ್ ತಲೆ ಮೇಲೆ ಹೋಗಿ ಬೀಳುತ್ತಿತ್ತು. ಹುಡುಗ ನಿಜಕ್ಕೂ ಒಳ್ಳೆ ಆಟಗಾರನಾ, ಇಲ್ಲಾ ಬ್ಯಾಟಿನ ಮಹಿಮೆಯಾ ಅಂತ ದೊಡ್ಡ ಲೀಗಿನ ಕಡೆಯಿಂದ ನೋಡಲು ಬರುವವರು ತಲೆ ಕೆರೆದುಕೊಂಡರು. ಬೇಸಿಗೆ ರಜೆಯಲ್ಲಿ ಕಾಲೇಜು ಹುಡುಗರು ಆಡುವ ಕೇಪ್ ಕಾಡ್ ಲೀಗ್ 1985ರಲ್ಲೇ ಮರಕ್ಕೆ ವಾಪಸ್ ಹೋಯಿತು. ಕಾಲೇಜು ಆಟ ಹೋಗಲಿಲ್ಲ.

ಕಂಪನಿಗಳ ನಡುವೆ ಪೈಪೋಟಿ ಬೆಳೆದಂತೆ ಬ್ಯಾಟ್ ಹಗುರಾಯಿತು, ಗೋಡೆ ತೆಳುವಾಯಿತು. ಕೆಲವು ಕೋಚ್‌ಗಳಿಗೆ ಬ್ಯಾಟ್ ಕಂಪನಿಯಿಂದಲೇ ಸಂಬಳದಂಥ ದುಡ್ಡು ಬರುತ್ತಿತ್ತು. ತಂಡಕ್ಕೆ ಬ್ಯಾಟ್ ಪುಕ್ಕಟೆ. ಕಾಸು ಉಳಿಯಿತು ಅನ್ನುವುದು ನಿಜವೇ. ಯಾರ ಕಾಸು ಅಂತ ಕೇಳಬಾರದು ಅಷ್ಟೇ. 1997ರಲ್ಲಿ ಲೂಯಿಸಿಯಾನಾ ಸ್ಟೇಟ್, ಅಂದರೆ ಎಲ್‌ಎಸ್‌ಯು, ಒಂದೇ ಸೀಸನ್‌ನಲ್ಲಿ 188 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಬೇಲಿಯಾಚೆ ಹೋಗುವ ಹೊಡೆತ) ಹೊಡೆಯಿತು. ಆ ಶೈಲಿಗೆ 'ಗೊರಿಲ್ಲಾ ಬಾಲ್' ಅಂತ ಹೆಸರೇ ಬಿತ್ತು. ಮರುವರ್ಷದ ಫೈನಲ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಅರಿಜೋನಾ ಸ್ಟೇಟನ್ನು ಸೋಲಿಸಿತು. ಸ್ಕೋರು 21-14. ಬೇಸ್‌ಬಾಲ್‌ನಲ್ಲಿ ಒಂದು ಕಡೆ ನಾಲ್ಕೈದು ರನ್ ಬಂದರೆ ಸಾಮಾನ್ಯ ಆಟ. 21-14 ಅಂದರೆ ನೋಡುವವರಿಗೆ ಹಬ್ಬ, ಪಿಚರ್‌ಗೆ ತಿಥಿ.

ತಮಾಷೆಗೆ ಹೇಳಿದ ಮಾತಲ್ಲ. ಪಿಚರ್ ನಿಲ್ಲುವುದು ಬ್ಯಾಟರ್‌ನಿಂದ ಅರವತ್ತು ಅಡಿ ಚಿಲ್ಲರೆ ದೂರದಲ್ಲಿ. ಎಸೆದು ಮುಂದಕ್ಕೆ ಬಾಗಿದಾಗ ಇನ್ನೂ ಹತ್ತಿರ. ಮುಖಕ್ಕೆ ಹೆಲ್ಮೆಟ್ ಇಲ್ಲ. ನೇರ ಬಂದ ಚೆಂಡಿಗೆ ಕೈ ಎತ್ತಲು ಅರ್ಧ ಸೆಕೆಂಡೂ ಸಿಗುವುದಿಲ್ಲ.

ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಆಗ ಕಡಿವಾಣ ಹಾಕಲು ಹೊರಟಿತು. ಕಂಪನಿಯೊಂದು ಕೋರ್ಟಿಗೆ ಹೋಯಿತು. ಕೊನೆಗೆ ಬ್ಯಾಟ್‌ನಿಂದ ಚೆಂಡು ಹೊರಡುವ ವೇಗಕ್ಕೆ ಒಂದು ಮಿತಿ ಬಂತು. ಆ ಮಿತಿಯೊಳಗೇ ಹೊಸ ದಾರಿ ಹುಡುಕಿದರು. ಲೋಹದ ಬದಲು ಎಳೆಗಳನ್ನು ಅಂಟಿನಲ್ಲಿ ಕೂಡಿಸಿ ಮಾಡಿದ ಕಾಂಪೋಸಿಟ್ ಬ್ಯಾಟ್ ಬಂತು. ಅದರ ಗುಣ ನೋಡಿ: ಹೊಸದಾಗಿದ್ದಾಗ ಪರೀಕ್ಷೆಯಲ್ಲಿ ಪಾಸು, ಬಳಸುತ್ತಾ ಹೋದಂತೆ ಒಳಗಿನ ಎಳೆಗಳು ಸಡಿಲವಾಗಿ ಇನ್ನೂ ಜೋರು. ಬ್ಯಾಟನ್ನು ರೋಲರ್‌ಗಳ ನಡುವೆ ಒತ್ತಿ ಬೇಗ ಪಳಗಿಸುವ ಕಳ್ಳದಾರಿಯೂ ಹುಟ್ಟಿತು. 2009ರಲ್ಲಿ ಅವುಗಳಿಗೆ ತಡೆ ಬಿತ್ತು. 2011ರಿಂದ ಬಿಬಿಸಿಒಆರ್ ಎಂಬ ಹೊಸ ಅಳತೆ. ಬ್ಯಾಟಿಗೂ ಚೆಂಡಿಗೂ ಡಿಕ್ಕಿಯಾದಾಗ ಪುಟಿತ ಎಷ್ಟು ಅಂತ ಅಳೆಯುವುದು. ಮಿತಿ 0.50, ಹೆಚ್ಚುಕಡಿಮೆ ಮರದ ಬ್ಯಾಟಿನಷ್ಟೇ.

ಅಂದರೆ ಮೂವತ್ತೇಳು ವರ್ಷ ಸುತ್ತಾಡಿ ಮರದ ಹಾಗೆ ವರ್ತಿಸುವ ಲೋಹಕ್ಕೆ ಬಂದು ನಿಂತರು. ಮರವನ್ನೇ ಹಿಡಿಯಬಹುದಿತ್ತಲ್ವಾ ಅಂದರೆ, ಬೆಲೆ ಜಾಸ್ತಿ ಅನ್ನುವ ಹಳೇ ಉತ್ತರವೇ. ಅಂಗಡಿಯಲ್ಲಿ ಒಂದು ಒಳ್ಳೆ ಬಿಬಿಸಿಒಆರ್ ಬ್ಯಾಟಿನ ಬೆಲೆಗೆ ಮೂರ್ನಾಲ್ಕು ಮರದ ಬ್ಯಾಟ್ ಬರುತ್ತವೆ.

ಕಾಕತಾಳೀಯವೋ ಏನೋ, ಅದೇ 2011ರಲ್ಲಿ ಒಮಾಹಾದಲ್ಲಿ ಮೈದಾನವೂ ಬದಲಾಯಿತು. ಅರವತ್ತು ವರ್ಷ ಟೂರ್ನಿ ನಡೆದದ್ದು ದಿಬ್ಬದ ಮೇಲಿನ ರೋಸನ್‌ಬ್ಲಾಟ್ ಕ್ರೀಡಾಂಗಣದಲ್ಲಿ. ಬೇಸಿಗೆಯ ದಕ್ಷಿಣದ ಗಾಳಿ ಅಲ್ಲಿ ಚೆಂಡನ್ನು ಬೇಲಿಯಾಚೆ ತಳ್ಳುತ್ತಿತ್ತು. 131 ಮಿಲಿಯನ್ ಡಾಲರ್ ಸುರಿದು ಊರ ನಡುವೆ ಕಟ್ಟಿದ ಹೊಸ ಮೈದಾನದ ಮುಖ ಬೇರೆ ದಿಕ್ಕಿಗೆ. ಅದೇ ಗಾಳಿ ಇಲ್ಲಿ ಎದುರಿಗೆ ಬೀಸುತ್ತದೆ. ಬ್ಯಾಟ್ ಮಂದ, ಗಾಳಿ ಎದುರು. 2010ರಲ್ಲಿ 32 ಹೋಮ್ ರನ್, 2011ರಲ್ಲಿ 9. 2013ರಲ್ಲಿ ಇಡೀ ಟೂರ್ನಿಗೆ ಮೂರು, 2014ರಲ್ಲೂ ಮೂರೇ. ಟಿವಿ ಮುಂದೆ ಕೂತವರು ಆಕಳಿಸಿದರು. ಬ್ಯಾಟ್ ಮುಟ್ಟಲು ಯಾರಿಗೂ ಧೈರ್ಯ ಇರಲಿಲ್ಲ, ಆದ್ದರಿಂದ 2015ರಲ್ಲಿ ಚೆಂಡನ್ನು ಬದಲಾಯಿಸಿದರು. ಹೊಲಿಗೆಯ ಎತ್ತರ ತಗ್ಗಿಸಿದರು. ಗಾಳಿಯ ತಡೆ ಕಡಿಮೆಯಾಗಿ ಚೆಂಡು ಸುಮಾರು 20 ಅಡಿ ಜಾಸ್ತಿ ಹೋಗತೊಡಗಿತು. ಈಗ ಮತ್ತೆ ಹೋಮ್ ರನ್‌ಗಳ ಸುರಿಮಳೆ. 2023ರ ಫೈನಲ್‌ನ ಎರಡನೇ ಆಟದಲ್ಲಿ ಫ್ಲೋರಿಡಾ 24-4ರಿಂದ ಗೆದ್ದಿತು. ಮರುದಿನ ಎಲ್‌ಎಸ್‌ಯು 18-4ರಿಂದ ತಿರುಗಿಸಿ ಹೊಡೆದು ಕಪ್ ಎತ್ತಿತು.

ಉಳಿತಾಯದ ಇನ್ನೊಂದು ಕತೆ ಸ್ಕಾಲರ್‌ಶಿಪ್‌ನದು. ತೊಂಬತ್ತರ ದಶಕದ ಆರಂಭದಲ್ಲಿ ಖರ್ಚು ಕಡಿತದ ಹೆಸರಲ್ಲಿ ಒಂದು ಬೇಸ್‌ಬಾಲ್ ತಂಡದ ಸ್ಕಾಲರ್‌ಶಿಪ್ ಮಿತಿಯನ್ನು 13ರಿಂದ ಶೇಕಡ ಹತ್ತು ಇಳಿಸಿದರು. ಹಾಗಾಗಿ ಬಂದ ಸಂಖ್ಯೆ 11.7. ಮನುಷ್ಯರನ್ನು ದಶಮಾಂಶದಲ್ಲಿ ಎಣಿಸಿದ ಹಾಗೆ! ಅಮೆರಿಕನ್ ಫುಟ್‌ಬಾಲ್‌ಗೆ ಆಗ 85 ಇತ್ತು. ಬೇಸ್‌ಬಾಲ್‌ನಲ್ಲಾದರೆ ಒಂದು ಹೋಳಿಗೆಯನ್ನು ಮೂರು ಜನಕ್ಕೆ ಹರಿದು ಕೊಟ್ಟ ಹಾಗೆ ಹಂಚಬೇಕಿತ್ತು. ಒಬ್ಬನಿಗೆ ಅರ್ಧ, ಒಬ್ಬನಿಗೆ ಕಾಲು. ಉಳಿದ ಫೀಸು ಅಪ್ಪ ಅಮ್ಮ ಕಟ್ಟಬೇಕಿತ್ತು. ಕಟ್ಟಲಾಗದ ಮನೆಯ ಹುಡುಗ ಬೇರೆ ಆಟ ನೋಡಿಕೊಳ್ಳುತ್ತಿದ್ದ. ಲೂಯಿಸಿಯಾನಾ, ಜಾರ್ಜಿಯಾದಂಥ ರಾಜ್ಯಗಳಲ್ಲಿ ಒಳ್ಳೆ ಅಂಕ ತೆಗೆದ ಸ್ಥಳೀಯ ಮಕ್ಕಳಿಗೆ ಸರ್ಕಾರದ ಸಹಾಯಧನ ಇದೆ. ಅದು ಸಾಮಾನ್ಯವಾಗಿ 11.7ರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಅಲ್ಲಿನ ಕಾಲೇಜುಗಳ ಹೋಳಿಗೆ ತಾನಾಗಿ ದೊಡ್ಡದಾಯಿತು. ಸೀಸನ್ ಶುರುವಾಗುವುದು ಫೆಬ್ರುವರಿಯಲ್ಲಿ ಬೇರೆ. ಆಗ ಮಿನೆಸೋಟದ ಮೈದಾನ ಹಿಮದಡಿ ಇರುತ್ತದೆ.

ಟೂರ್ನಿಯ ರೂಪವೂ ಬೆಳೆಯಿತು. 1999ರಿಂದ ಸುಮಾರು 300 ಕಾಲೇಜುಗಳಲ್ಲಿ 64ಕ್ಕೆ ಅವಕಾಶ. ನಾಲ್ಕು ತಂಡಗಳ ಹದಿನಾರು ಗುಂಪು, ಎರಡು ಸೋತರೆ ಮನೆಗೆ. ಗೆದ್ದ ಹದಿನಾರು ತಂಡಗಳ ನಡುವೆ ಮೂರು ಆಟದ ಸೂಪರ್ ರೀಜನಲ್. ಉಳಿದ ಎಂಟು ತಂಡ ಒಮಾಹಾಕ್ಕೆ. ಮೊದಲ ಎರಡು ಹಂತ ಸಾಮಾನ್ಯವಾಗಿ ಬಲವಾದ ತಂಡದ ಅಂಗಳದಲ್ಲೇ. ಹೀಗಿದ್ದೂ 2008ರಲ್ಲಿ ಗುಂಪಿನ ಕೊನೆಯ ಶ್ರೇಯಾಂಕದ ಫ್ರೆಸ್ನೊ ಸ್ಟೇಟ್ ಕಪ್ ಗೆದ್ದಿತು. 2016ರಲ್ಲಿ ಕೋಸ್ಟಲ್ ಕರೊಲಿನಾ ಗೆದ್ದಿತು. ಅಂಥ ವರ್ಷಗಳಿಗಾಗಿಯೇ ಬೆಳಗಿನ ನಿದ್ದೆ ಬಿಡುತ್ತೇವೆ.

ಕೋವಿಡ್‌ನಿಂದ 2020ರಲ್ಲಿ ಟೂರ್ನಿಯೇ ಇಲ್ಲ. 2021ರಲ್ಲಿ ಎರಡು ಬಾಗಿಲು ಒಟ್ಟಿಗೇ ತೆರೆದವು. ಮೊದಲ ಸಲ ಕಾಲೇಜು ಬದಲಾಯಿಸಿದರೂ ಒಂದು ವರ್ಷ ಸುಮ್ನೆ ಕೂರಬೇಕು ಅನ್ನುವ ನಿಯಮ ಹೋಯಿತು. ಆಟಗಾರ ತನ್ನ ಹೆಸರು, ಮುಖ ಬಳಸಿ ಸಂಪಾದಿಸಬಹುದು ಅಂತಲೂ ಆಯಿತು. ಎರಡೂ ಹುಡುಗರಿಗೆ ನ್ಯಾಯವೇ, ಅದರಲ್ಲಿ ಅನುಮಾನ ಬೇಡ. ಆದರೆ ಸಣ್ಣ ಕಾಲೇಜು ಎರಡು ವರ್ಷ ತಿದ್ದಿ ತೀಡಿದ ಪಿಚರ್ ಮೂರನೇ ವರ್ಷ ದೊಡ್ಡ ಕಾಲೇಜಿನ ಜೆರ್ಸಿಯಲ್ಲಿ ಕಾಣಿಸುತ್ತಾನೆ. ಪಾಲ್ ಸ್ಕೀನ್ಸ್ ಏರ್ ಫೋರ್ಸ್ ಅಕಾಡೆಮಿಯಲ್ಲಿ ಎರಡು ವರ್ಷ ಆಡಿ ಎಲ್‌ಎಸ್‌ಯುಗೆ ಬಂದವರು. ಆ 2023ರ ಕಪ್‌ನಲ್ಲಿ ಶ್ರೇಷ್ಠ ಆಟಗಾರ, ದೊಡ್ಡ ಲೀಗಿನ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಅದೇ ವರ್ಷದ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ.

2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯೊಂದಕ್ಕೆ ಒಳಪಟ್ಟ ಕಾಲೇಜುಗಳ ಮಟ್ಟಿಗೆ 11.7 ಇತಿಹಾಸಕ್ಕೆ ಸೇರಿತು. ಅವು ಈಗ 34 ಆಟಗಾರರನ್ನು ಇಟ್ಟುಕೊಳ್ಳಬಹುದು, ಬೇಕಿದ್ದರೆ 34 ಮಂದಿಗೂ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು. 'ಬೇಕಿದ್ದರೆ' ಅನ್ನುವ ಪದದಲ್ಲೇ ಎಲ್ಲ ಇದೆ. ಕೊಡಬಲ್ಲವರು ಕೊಡುತ್ತಾರೆ. ಮೊದಲು 40ರವರೆಗೆ ಇದ್ದ ತಂಡ ಚಿಕ್ಕದಾದಾಗ ಕೊನೆಯ ಬೆಂಚಿನ ಹುಡುಗರಿಗೆ ಜಾಗ ಹೋಯಿತು. 2019ರಿಂದ 2025ರವರೆಗೆ ನಡೆದ ಆರೂ ಟೂರ್ನಿಗಳ ಕಪ್ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಎಂಬ ದಕ್ಷಿಣದ ಕೂಟದ ಕಾಲೇಜುಗಳಿಗೇ ಹೋಗಿದೆ. ಅದರಲ್ಲಿ ಎರಡು ಎಲ್‌ಎಸ್‌ಯುಗೆ.

ಹಳೆಯ ಲೆಕ್ಕದ ಕೊನೆಯ ಸೀಸನ್ ಆದ 2025ರಲ್ಲೂ ಒಂದು ಸಣ್ಣ ತಂಡ ನುಸುಳಿ ಬಂದಿತ್ತು. ಕೆಂಟಕಿಯ ಮರ್ರಿ ಸ್ಟೇಟ್, ತನ್ನ ಗುಂಪಿನಲ್ಲಿ ಕೊನೆಯ ಶ್ರೇಯಾಂಕ. ಬೇರೆಯವರ ಅಂಗಳಗಳಲ್ಲೇ ಗೆಲ್ಲುತ್ತಾ ಮೊದಲ ಸಲ ಒಮಾಹಾ ಮುಟ್ಟಿತು. ಮೊದಲ ಆಟ ಸೋತಿತು. ಎರಡನೆಯದರಲ್ಲಿ ಎದುರಾಳಿ ಅರ್ಕಾನ್ಸಾ. ಅವರ ಪಿಚರ್ ಗೇಜ್ ವುಡ್ 19 ಮಂದಿಯನ್ನು ಸ್ಟ್ರೈಕ್ ಔಟ್ ಮಾಡಿದರು, ಅಂದರೆ ಬರೀ ಎಸೆತದಿಂದಲೇ ಔಟ್ ಮಾಡಿದರು. ಹೊಡೆದು ಬೇಸ್ ಮುಟ್ಟುವ 'ಹಿಟ್' ಒಂದನ್ನೂ ಬಿಡಲಿಲ್ಲ. ಒಮಾಹಾದಲ್ಲಿ 1960ರ ನಂತರ ಹೀಗೆ ಒಂದೂ ಹಿಟ್ ಬಿಡದ ಆಟ ಯಾರೂ ಆಡಿರಲಿಲ್ಲ. 3-0. ಅವತ್ತು ಮರ್ರಿ ಸ್ಟೇಟ್ ಕಡೆಯಿಂದ ಬೇಸ್ ತಲುಪಿದ್ದು ಒಬ್ಬನೇ ಬ್ಯಾಟರ್. ಅದೂ ಎಂಟನೇ ಇನ್ನಿಂಗ್ಸ್‌ನಲ್ಲಿ, ಚೆಂಡು ಮೈಗೆ ಬಡಿದದ್ದಕ್ಕೆ.