ಗ್ಯಾಲರಿಯಲ್ಲಿ ಮೂರು ಕೃತಿ ನೋಡಿದರೆ ಸಾಕು

ಕೊಡಗಿನವರು ಸಮಕಾಲೀನ ಕಲೆ ನೋಡಬೇಕೆಂದರೆ ಸಾಮಾನ್ಯವಾಗಿ ಬೆಂಗಳೂರು ಬಸ್ಸು ಹತ್ತಬೇಕು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಎನ್‌ಜಿಎಂಎ, ಕಸ್ತೂರಬಾ ರಸ್ತೆಯಲ್ಲಿ 2023ರಿಂದ ಇರುವ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯ ಮ್ಯಾಪ್. ಎರಡಕ್ಕೂ ಸೋಮವಾರ ರಜೆ. ಎರಡು ವರ್ಷಕ್ಕೊಮ್ಮೆಯ ದೊಡ್ಡ ಕಲಾ ಪ್ರದರ್ಶನ ಕೊಚ್ಚಿ ಬಿನಾಲೆ ಶುರುವಾಗುವುದು ಡಿಸೆಂಬರಿನಲ್ಲಿ, ಸರಿಯಾಗಿ ಕಾಫಿ ಕುಯ್ಲಿನ ಹೊತ್ತಿಗೆ. ತೋಟದವರ ಕಷ್ಟ ಕೇಳುವವರಾರು!

ಅಷ್ಟು ದೂರ ಹೋದವರು ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸಲು ಹೊರಡುತ್ತಾರೆ. ಕಾಲು ಸೋಲುವ ಮೊದಲೇ ಕಣ್ಣು ಸೋತಿರುತ್ತದೆ, ಫೋನಿನಲ್ಲಿ ಮಾತ್ರ ಫೋಟೊಗಳ ರಾಶಿ. ಊರಿಗೆ ಬಂದು ತಮ್ಮದೇ ಕಲಾಕೃತಿಯ ಕೆಲಸಕ್ಕೆ ಕೂತಾಗ ಅವುಗಳಿಂದ ಸಿಗುವುದು ಬೇರೆಯವರ ಬಣ್ಣ, ಬೇರೆಯವರ ಆಕಾರ. ನಕಲು ಹುಟ್ಟುವುದು ಅಲ್ಲೇ.

ಮೊದಲು ಎಲ್ಲೂ ನಿಲ್ಲದೆ ಒಂದು ಸುತ್ತು ಬನ್ನಿ. ನಡಿಗೆ ತಾನಾಗಿ ನಿಧಾನವಾದ ಮೂರು ಕೃತಿಗಳನ್ನು ಆರಿಸಿ, ಒಂದೊಂದರ ಮುಂದೆ ಇಪ್ಪತ್ತು ನಿಮಿಷ ಕಳೆಯಿರಿ. ಮೊದಲ ಐದು ನಿಮಿಷ ಕೃತಿಯ ಪಕ್ಕದ ವಿವರ ಫಲಕ ಓದಬಾರದು. ಮೂರು ಮೀಟರ್ ಹಿಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿದರೆ ಕಪ್ಪು, ಬಿಳಿ, ನಡುವಿನ ಬೂದು ಮಾತ್ರ ಉಳಿಯುತ್ತವೆ; ಅದನ್ನು ಬೆಂಕಿಪೊಟ್ಟಣದಷ್ಟು ಚೌಕದಲ್ಲಿ 2ಬಿ ಪೆನ್ಸಿಲ್ಲಿನಿಂದ ತುಂಬಿ. (ಪೆನ್ನು, ಬಣ್ಣ ಹಲವು ಕಡೆ ಒಳಗೆ ಬಿಡುವುದಿಲ್ಲ.) ಆಮೇಲೆ ನೆಲದ ಮೇಲಿನ ಗೆರೆ ದಾಟದೆ ಹತ್ತಿರ ಹೋಗಿ ಅಂಚು ನೋಡಿ. ಕ್ಯಾನ್ವಾಸನ್ನು ಪಕ್ಕಕ್ಕೆ ಹೇಗೆ ಮಡಚಿದ್ದಾರೆ, ಎರಡು ವಸ್ತು ಎಲ್ಲಿ ಕೂಡಿವೆ, ಭಾರ ಯಾವುದರ ಮೇಲೆ ನಿಂತಿದೆ? ನಡುಭಾಗಕ್ಕಿಂತ ಅಂಚಿನಲ್ಲೇ ಕಲಾವಿದರ ಲೆಕ್ಕಾಚಾರ ಬಯಲಾಗುತ್ತದೆ. ಫಲಕದಲ್ಲಿ ಮಾಧ್ಯಮದ, ಅಂದರೆ ಯಾವ ವಸ್ತುವಿನಿಂದ ಮಾಡಿದ್ದೆಂಬ ಸಾಲು ಮುಖ್ಯ. ಅಳತೆಯಲ್ಲಿ ಸಾಮಾನ್ಯವಾಗಿ ಎತ್ತರ ಮೊದಲು, ಅಗಲ ಆಮೇಲೆ. ಗೋಡೆಯ ಮೇಲಿನ ಉದ್ದನೆಯ ವ್ಯಾಖ್ಯಾನ ಓದದಿದ್ದರೂ ನಷ್ಟವೇನಿಲ್ಲ.

ಕೊನೆಗೆ ಪ್ರತಿ ಕೃತಿಗೂ ಒಂದು ಕ್ರಿಯಾಪದ ಬರೆದುಕೊಳ್ಳಿ: ಹೊಲಿ, ಸುತ್ತು, ಒತ್ತು, ತೂಗುಹಾಕು. ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ 1967–68ರಲ್ಲಿ ಇಂಥ ಕ್ರಿಯಾಪದಗಳನ್ನು ಎರಡು ಹಾಳೆ ತುಂಬ ಪಟ್ಟಿ ಮಾಡಿದರು. ಆ ಕಾಲದಲ್ಲಿ ಅವರ ಕೈಯಲ್ಲಿದ್ದದ್ದು ಸೀಸ, ರಬ್ಬರು. ಚಿತ್ರ ಕದ್ದರೆ ಗೊತ್ತಾಗುತ್ತದೆ, ಕ್ರಿಯಾಪದ ಯಾರಪ್ಪನ ಆಸ್ತಿಯೂ ಅಲ್ಲ.

ವಸ್ತು ಮಾತ್ರ ಊರಿನದೇ ಇರಲಿ. ವಿರಾಜಪೇಟೆಯಿಂದ ತಲಶ್ಶೇರಿಗೆ ಇಳಿಯುವಾಗ ಸಿಗುವ ಕೂತುಪರಂಬದಲ್ಲಿ 1924ರಲ್ಲಿ ಹುಟ್ಟಿದ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಆಟಿಕೆಯನ್ನೂ ಸುಟ್ಟ ಮಣ್ಣನ್ನೂ ಕೀಳೆಂದು ಬಿಟ್ಟವರಲ್ಲ. ಇಲ್ಲಿ ಗೋಣಿಚೀಲ, ಕಾಫಿ ಸಿಪ್ಪೆ, ಅಡಿಕೆ ಹಾಳೆ, ಸಿಲ್ವರ್ ಓಕ್ ಎಲೆ ಇವೆ. ಊರಿಗೆ ಬಂದ ಎರಡು ದಿನದೊಳಗೆ ಒಂದು ಕ್ರಿಯಾಪದಕ್ಕೆ ಒಂದೇ ವಸ್ತು ಜೋಡಿಸಿ ಅಂಗೈಯಗಲದ ಹತ್ತು ತುಣುಕು ಮಾಡಿ. ಮೊದಲ ಮೂರ್ನಾಲ್ಕು ನೋಡಿದ್ದರ ನಕಲೇ ಆಗಿರುತ್ತವೆ, ಆಗಲಿ. ಆನೆ, ಕಾಫಿ ಹಣ್ಣು, ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯ-ಚೇಲೆ ತೊಟ್ಟವರ ಚಿತ್ರ ಬೇಡ. ಹೋಂಸ್ಟೇ ಗೋಡೆಗಳಲ್ಲಿ ಈಗಾಗಲೇ ಬೇಕಾದಷ್ಟಿವೆ.

ನಮ್ಮಲ್ಲಿ ಕೆಲಸ ಕೆಡಿಸುವುದು ತೇವ. ಹಿಚುಕಿದರೆ ಪುಡಿಯಾಗುವಷ್ಟು ಒಣಗಿಸದೆ ಕಾಫಿ ಸಿಪ್ಪೆ ಅಂಟಿಸಿದರೆ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಗಂಜಿ, ಮೈದಾ ಅಂಟು ಬೂಷ್ಟಿಗೂ ಹುಳಕ್ಕೂ ಊಟ. ಫೆವಿಕಾಲ್‌ಗೆ ಅದರಷ್ಟೇ ನೀರು ಬೆರೆಸಿ ಬಳಿಯಿರಿ. ತೂಗುಹಾಕಿದ ಗೋಣಿ ತೇವ ಹೀರಿ ಜೋತುಬೀಳುತ್ತದೆ: ಮೇಲೂ ಕೆಳಗೂ ಮರದ ಪಟ್ಟಿ ಕೊಟ್ಟು, ಹಿಂದೆ ಗಾಳಿಯಾಡಲು ಗೋಡೆಯಿಂದ ಒಂದಿಂಚು ಮುಂದಕ್ಕೆ ಕಟ್ಟಿ. ಕಾಗದದ ಕೆಲಸವನ್ನು ಫ್ರೇಮ್ ಹಾಕಿಸುವಾಗ ಗಾಜಿಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್ (ಅಂಚಿನ ಸುತ್ತ ಇಡುವ ದಪ್ಪ ರಟ್ಟು) ಇಡಲು ಹೇಳಿ, ಇಲ್ಲವಾದರೆ ಆಗಸ್ಟ್ ಹೊತ್ತಿಗೆ ಬಣ್ಣ ಗಾಜಿಗೇ ಅಂಟಿಕೊಂಡಿರುತ್ತದೆ.