ಫಸ್ಟ್ ಬೇಸ್‌ಗೆ ಯಾರಾದರೂ ಸಿಗ್ತಾರೆ, ಪಿಚರ್ ಎಲ್ಲಿ ಸಿಗ್ತಾನೆ?

ಓದುಗರ ಪ್ರಶ್ನೆ: "ಕ್ರಿಕೆಟ್ ನೋಡಿ ಬೆಳೆದವನು ನಾನು. ಅಮೆರಿಕಕ್ಕೆ ಬಂದ ಮೇಲೆ ಆಫೀಸಿನವರ ಜೊತೆ ಬೇಸ್‌ಬಾಲ್ ನೋಡೋದು ಅಭ್ಯಾಸ ಆಗಿದೆ. ಸೀಸನ್ ಮುಗಿದ ಮಾರನೇ ದಿನವೇ ಎಲ್ಲರದೂ ಒಂದೇ ಚರ್ಚೆ: ಮುಂದಿನ ವರ್ಷ ಪಿಚಿಂಗ್‌ಗೆ, ಅಂದರೆ ನಮ್ಮ ಬೌಲಿಂಗ್‌ನಂಥದ್ದಕ್ಕೆ, ಏನು ಮಾಡ್ತಾರೆ, ಫಸ್ಟ್ ಬೇಸ್‌ಗೆ ಯಾರು? ಈ ಎರಡು ಯಾವಾಗಲೂ ಜೋಡಿಯಾಗೇ ಯಾಕೆ ಬರುತ್ತವೆ? ಚೆನ್ನಾಗಿ ಹೊಡೆಯೋ ಫಸ್ಟ್ ಬೇಸ್‌ಮನ್‌ನನ್ನು ಬಿಟ್ಟುಕೊಟ್ಟು ಪಿಚರ್‌ಗಳನ್ನು ಉಳಿಸಿಕೊಳ್ಳೋದು ಬುದ್ಧಿವಂತಿಕೆನಾ?"

ಗಲ್ಲಿ ಕ್ರಿಕೆಟ್ ಆಡುವಾಗ ಓಡೋಕೆ ಆಗದ ಹುಡುಗನನ್ನು ಎಲ್ಲಿ ನಿಲ್ಲಿಸ್ತಿದ್ದಿರಿ ಅಂತ ನೆನಪು ಮಾಡಿಕೊಳ್ಳಿ. ನಮ್ಮ ಬೀದಿಯಲ್ಲಿ ಅವನೇ ಕೀಪರ್. ಬೇಸ್‌ಬಾಲ್‌ನಲ್ಲಿ ಅಂಥವನ ಜಾಗ ಫಸ್ಟ್ ಬೇಸ್, ಅಂದರೆ ಚೆಂಡು ಹೊಡೆದವನು ಮೊದಲು ಓಡಿ ಮುಟ್ಟಬೇಕಾದ ಠಾಣೆಯ ಕಾವಲು. ಹಾಗಂದರೆ ಫಸ್ಟ್ ಬೇಸ್‌ಮನ್‌ಗಳಿಗೆ ಸಿಟ್ಟು ಬರುತ್ತದೆ, ಅದು ನ್ಯಾಯವೂ ಹೌದು. ಆದರೆ ತಂಡಗಳು ಲೆಕ್ಕ ಹಾಕೋದು ಹೀಗೇ.

ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ಗೆ ಚುರುಕು ಕಾಲು ಬೇಕು, ಗಟ್ಟಿ ತೋಳೂ ಬೇಕು. ಕೀಪರ್‌ನಂತೆ ಬ್ಯಾಟರ್ ಹಿಂದೆ ಇರುವ ಕ್ಯಾಚರ್ ಆಗಲು ಗಂಟೆಗಟ್ಟಲೆ ಮಂಡಿ ಮಡಿಸಿ ಕೂತು ಏಳುವ ತಾಕತ್ತು ಬೇಕು. ವಯಸ್ಸಾಗಿ ಶಾರ್ಟ್‌ಸ್ಟಾಪ್ ನಿಧಾನವಾದರೆ ಥರ್ಡ್ ಬೇಸ್‌ಗೆ ಬರುತ್ತಾನೆ. ಅಲ್ಲೂ ಆಗದಿದ್ದರೆ ಫಸ್ಟ್ ಬೇಸ್‌ಗೆ. ಕ್ಯಾಚರ್ ಮಂಡಿ ಹೋದರೂ ಅಲ್ಲಿಗೇ. ಎಡಗೈಯಲ್ಲಿ ಎಸೆಯುವವರಿಗೆ ಇನ್‌ಫೀಲ್ಡ್‌ನಲ್ಲಿ, ಅಂದರೆ ಬೇಸ್‌ಗಳ ಸುತ್ತಲಿನ ಒಳ ಮೈದಾನದಲ್ಲಿ, ಉಳಿದ ಜಾಗಗಳ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ, ಅವರೂ ಇಲ್ಲಿಗೇ ಬಂದು ಸೇರುತ್ತಾರೆ. ಊರಿನ ಎಲ್ಲಾ ಚರಂಡಿ ಕೊನೆಗೆ ಒಂದೇ ಕೆರೆಗೆ ಬಂದಂತೆ. ಫಸ್ಟ್ ಬೇಸ್‌ನಿಂದ ಶಾರ್ಟ್‌ಸ್ಟಾಪ್‌ಗೆ ಬಡ್ತಿ ಪಡೆದವನನ್ನು ಮಾತ್ರ ಹುಡುಕಬೇಕು.

ಹಾಗಾಗಿ ಆ ಜಾಗಕ್ಕೆ ಅಭ್ಯರ್ಥಿಗಳು ಜಾಸ್ತಿ. ಪಿಚರ್ ವಿಷಯ ಪೂರ್ತಿ ಉಲ್ಟಾ. ಯಾರನ್ನೋ ಕರೆದು "ನಾಳೆಯಿಂದ ನೀನು ಪಿಚರ್" ಅನ್ನೋಕಾಗಲ್ಲ. ಸೀಸನ್‌ನಲ್ಲಿ 162 ಪಂದ್ಯ. ಪಂದ್ಯ ಶುರು ಮಾಡುವ ಪಿಚರ್, ಅಂದರೆ ಸ್ಟಾರ್ಟರ್, ಐದು ದಿನಕ್ಕೊಮ್ಮೆ ಎಸೆಯುತ್ತಾನೆ, ಅಂದರೆ ವರ್ಷಕ್ಕೆ ಮೂವತ್ತೆರಡು, ಮೂವತ್ತಮೂರು ಪಂದ್ಯ. ಐದು ಜನ ಸ್ಟಾರ್ಟರ್ ಬೇಕು, ಅವರ ಹಿಂದೆ, ನಡುವೆ ಬಂದು ಎಸೆಯುವ ಏಳೆಂಟು ಜನ ರಿಲೀವರ್. ಮೇ ತಿಂಗಳಲ್ಲಿ ಒಬ್ಬನ ಮೊಣಕೈ ಕೈಕೊಟ್ಟರೆ ಇಡೀ ಲೆಕ್ಕ ತಲೆಕೆಳಗು.

ಇದು ನಿಜವಾಗಿ ಹೇಗೆ ನಡೆಯುತ್ತದೆ ಅಂತ ತೋರಿಸಲು 2001ರ ಚಳಿಗಾಲದ ಓಕ್ಲಂಡ್ ಅಥ್ಲೆಟಿಕ್ಸ್‌ಗಿಂತ ಒಳ್ಳೆ ಉದಾಹರಣೆ ನನಗಂತೂ ಗೊತ್ತಿಲ್ಲ. ನೀವು ಬೇ ಏರಿಯಾದಲ್ಲಿದ್ದರೆ ಈ ತಂಡ ಗೊತ್ತಿರುತ್ತದೆ. ಕನ್ನಡದವರು ಬೇಕಾದಷ್ಟು ಜನ ಇರುವ ಫ್ರೀಮಾಂಟ್‌ಗೆ ಒಂದು ಕಾಲದಲ್ಲಿ ಸ್ಥಳಾಂತರ ಆಗಲು ಹೊರಟು, ಕೊನೆಗೆ ಕೈಬಿಟ್ಟವರು ಇವರೇ. 2024ರ ನಂತರ ಓಕ್ಲಂಡನ್ನೂ ಬಿಟ್ಟರು. ಅದೇ ಒಂದು ದೊಡ್ಡ ಸಂಕಟದ ಕಥೆ, ಇಲ್ಲಿ ಬೇಡ.

2001ರಲ್ಲಿ ಈ ತಂಡ 102 ಪಂದ್ಯ ಗೆದ್ದಿತ್ತು. ಫಸ್ಟ್ ಬೇಸ್‌ನಲ್ಲಿ ಜೇಸನ್ ಜಿಯಾಂಬಿ. 2000ದಲ್ಲಿ ಅಮೆರಿಕನ್ ಲೀಗ್‌ನ ಎಂವಿಪಿ (ಅತ್ಯಮೂಲ್ಯ ಆಟಗಾರ), 2001ರಲ್ಲಿ 38 ಹೋಮ್ ರನ್ (ನಮ್ಮ ಸಿಕ್ಸರ್‌ನಂಥ ಹೊಡೆತ). ಅದಕ್ಕಿಂತ ಮುಖ್ಯ, ಅವನು ನೂರು ಸಲ ಬ್ಯಾಟ್ ಹಿಡಿದು ನಿಂತರೆ ಸುಮಾರು 48 ಸಲ ಔಟಾಗದೆ ಬೇಸ್ ಸೇರುತ್ತಿದ್ದ. ಇದು ಹುಚ್ಚು ಹಿಡಿಸುವ ಲೆಕ್ಕ. ಮೂರರಲ್ಲಿ ಒಂದು ಸಲ ಬೇಸ್ ಸೇರಿದರೆ ಸಾಧಾರಣ ಆಟಗಾರ ಅನ್ನುವ ಆಟ ಇದು.

ಆ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಅವನಿಗೆ ಏಳು ವರ್ಷಕ್ಕೆ 12 ಕೋಟಿ ಡಾಲರ್ ಕೊಟ್ಟು ಕರೆದುಕೊಂಡು ಹೋಯಿತು. ಓಕ್ಲಂಡ್‌ನ ಎಲ್ಲಾ ಆಟಗಾರರ ಒಟ್ಟು ಸಂಬಳ 2002ರಲ್ಲಿ ಸುಮಾರು 4 ಕೋಟಿ ಡಾಲರ್. ಅಂದರೆ ಇಡೀ ತಂಡದ ಮೂರು ವರ್ಷದ ಸಂಬಳ ಒಬ್ಬನ ಕರಾರಿಗೆ ಸಮ. ಅದೇ ಚಳಿಗಾಲ ಸೆಂಟರ್ ಫೀಲ್ಡರ್ ಜಾನಿ ಡೇಮನ್ ಬಾಸ್ಟನ್‌ಗೆ ಹೋದ. ಕೊನೆಯ ಇನಿಂಗ್ಸ್ ಕಾಯುವ ಕ್ಲೋಸರ್ ಜೇಸನ್ ಇಸ್ರಿಂಗ್‌ಹೌಸನ್ ಸೇಂಟ್ ಲೂಯಿಸ್‌ಗೆ ಹೋದ.

ಉಳಿದವರು ಯಾರು? ಮೂವರು ಸ್ಟಾರ್ಟರ್‌ಗಳು: ಟಿಮ್ ಹಡ್ಸನ್, ಮಾರ್ಕ್ ಮಲ್ಡರ್, ಬ್ಯಾರಿ ಝೀಟೊ. 2001ರಲ್ಲಿ ಇವರು ಕ್ರಮವಾಗಿ 18, 21, 17 ಪಂದ್ಯ ಗೆದ್ದಿದ್ದರು (ತಂಡದ ಪ್ರತಿ ಗೆಲುವನ್ನೂ ಒಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ). ಮೂವರನ್ನೂ ಓಕ್ಲಂಡೇ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ವ್ಯವಸ್ಥೆಯಲ್ಲಿ, ಆರಿಸಿ ಬೆಳೆಸಿತ್ತು, 1997, 1998, 1999ರಲ್ಲಿ ಸಾಲಾಗಿ. ಇಲ್ಲೇ ಇರೋದು ಗುಟ್ಟು. ಆಟಗಾರ ಮೇಜರ್ ಲೀಗ್‌ನಲ್ಲಿ ಆರು ವರ್ಷ ಸೇವೆ ಮುಗಿಸುವವರೆಗೆ ಬೇರೆ ಕಡೆ ಹರಾಜಿಗೆ ಹೋಗೋಕಾಗಲ್ಲ. ಮೊದಲ ಮೂರು ವರ್ಷ ತಂಡ ಕೊಟ್ಟಷ್ಟು ತಗೋಬೇಕು. ಈ ಮೂವರ ಆಗಿನ ಸಂಬಳ ಕೂಡಿಸಿದರೂ ಜಿಯಾಂಬಿಯ ಒಂದು ವರ್ಷದ ಸರಾಸರಿಯ ಹತ್ತಿರಕ್ಕೂ ಬರುತ್ತಿರಲಿಲ್ಲ.

ಈಗ ನೀವೇ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಕುರ್ಚಿಯಲ್ಲಿ ಕೂತು ಯೋಚನೆ ಮಾಡಿ. ಪಿಚಿಂಗ್ ಅಗ್ಗದಲ್ಲಿ ಸಿಕ್ಕಿದೆ, ಇನ್ನೂ ಕೆಲವು ವರ್ಷ ಇರುತ್ತದೆ. ಜಿಯಾಂಬಿಯಂಥವನನ್ನು ಇನ್ನೊಬ್ಬನನ್ನು ತರಲು ದುಡ್ಡಿಲ್ಲ. ಫಸ್ಟ್ ಬೇಸ್‌ಗೆ ಅರ್ಧ ಜಿಯಾಂಬಿ ಸಿಕ್ಕರೂ ಸಾಕು. ಎಲ್ಲಿ ಹುಡುಕ್ತೀರಿ?

ಬೀನ್ ಹುಡುಕಿದ್ದು ಬಾಸ್ಟನ್‌ನಲ್ಲಿ ಆಡಿದ್ದ ಕ್ಯಾಚರ್ ಸ್ಕಾಟ್ ಹ್ಯಾಟೆಬರ್ಗ್‌ನನ್ನು. ಮೊಣಕೈ ನರಕ್ಕೆ ಪೆಟ್ಟಾಗಿ ಅವನಿಗೆ ಸರಿಯಾಗಿ ಎಸೆಯೋಕೇ ಆಗುತ್ತಿರಲಿಲ್ಲ. ಎಸೆಯಲಾಗದ ಕ್ಯಾಚರ್ ಅಂದರೆ ಹಲ್ಲಿಲ್ಲದ ಹಾವು, ಎದುರಾಳಿಗಳು ಹೊಡೆತಕ್ಕೆ ಕಾಯದೆ ಓಡಿ ಆರಾಮಾಗಿ ಮುಂದಿನ ಬೇಸ್ ಕದೀತಾರೆ. ಬಾಸ್ಟನ್ ಅವನನ್ನು ಕೊಲರಾಡೊಗೆ ದಾಟಿಸಿತು, ಕೊಲರಾಡೊ ಕರಾರು ಮಾಡಿಕೊಳ್ಳದೆ ಬಿಟ್ಟುಬಿಟ್ಟಿತು. ಓಕ್ಲಂಡ್ ಒಂದು ವರ್ಷಕ್ಕೆ ಸುಮಾರು 9 ಲಕ್ಷ ಡಾಲರ್‌ಗೆ ಅವನನ್ನು ಹಿಡಿಯಿತು. ಫಸ್ಟ್ ಬೇಸ್‌ಮನ್ ಚೆಂಡು ಎಸೆಯೋದಕ್ಕಿಂತ ಹಿಡಿಯೋದೇ ಜಾಸ್ತಿ. ಕೆಟ್ಟ ಮೊಣಕೈ ಅಲ್ಲಿ ಅಷ್ಟು ತೊಂದರೆ ಕೊಡಲ್ಲ. ಇನ್ನು ಬ್ಯಾಟಿಂಗ್‌ನಲ್ಲಿ ಹ್ಯಾಟೆಬರ್ಗ್‌ಗೆ ಒಂದು ಗುಣ ಇತ್ತು. ಕೆಟ್ಟ ಚೆಂಡನ್ನು ಮುಟ್ಟುತ್ತಿರಲಿಲ್ಲ. ಕಾದು, ಕಾದು, ನಾಲ್ಕು ಕೆಟ್ಟ ಚೆಂಡು ಬಂದರೆ ಪುಕ್ಕಟೆ ಸಿಗುವ ವಾಕ್ ತಗೊಂಡು ಬೇಸ್‌ಗೆ ಹೋಗುತ್ತಿದ್ದ.

ಆದರೆ ಫಸ್ಟ್ ಬೇಸ್ ಸುಮ್ನೆ ನಿಂತು ಹಿಡಿಯೋ ಕೆಲಸ ಅಂದುಕೊಂಡರೆ ತಪ್ಪು. ಚೆಂಡು ನೆಲಕ್ಕೆ ಬಿತ್ತು ಅಂದ ಕೂಡಲೇ ಓಡಿ ಬಂದು, ಕಣ್ಣು ಎಸೆಯುವವನ ಮೇಲಿಟ್ಟು, ಬೇಸ್ ಎಲ್ಲಿದೆ ಅಂತ ಕಾಲಲ್ಲೇ ತಡಕಬೇಕು. ಚೆಂಡು ಎಡಕ್ಕೆ ಬಂದರೆ ಒಂದು ಕಾಲು, ಬಲಕ್ಕೆ ಬಂದರೆ ಇನ್ನೊಂದು. ಮುಂದೆ ನೆಲಕ್ಕೆ ಬಡಿದು ಪುಟಿದರೆ ಗ್ಲೌಸ್‌ನಲ್ಲಿ ಕೆದಕಿ ಎತ್ತಬೇಕು. ಅಷ್ಟರಲ್ಲಿ ತೊಂಬತ್ತು ಕೆಜಿ ಮನುಷ್ಯನೊಬ್ಬ ನಿಮ್ಮ ಹಿಮ್ಮಡಿ ಕಡೆಗೇ ನುಗ್ಗಿ ಬರುತ್ತಿರುತ್ತಾನೆ. ಜೀವಮಾನವೆಲ್ಲಾ ಕೂತು ಆಡಿದವನಿಗೆ ಇದು ಹೊಸ ಜಗತ್ತು. ಇನ್‌ಫೀಲ್ಡ್ ಕೋಚ್ ರಾನ್ ವಾಷಿಂಗ್ಟನ್ ಅವನನ್ನು ಕೂರಿಸಿಕೊಂಡು ಅಕ್ಷರಾಭ್ಯಾಸ ಮಾಡಿಸಿದಂತೆ ಕಲಿಸಿದರು.

ಶುರುವಿನಲ್ಲಿ ಆ ಜಾಗ ಅವನದಾಗಿರಲಿಲ್ಲ. ಟೆಕ್ಸಸ್‌ನಿಂದ ಕಾರ್ಲೋಸ್ ಪೇನ್ಯಾ ಅನ್ನುವ ಯುವ ಆಟಗಾರನನ್ನು ಜನವರಿಯಲ್ಲಿ ತಂದಿದ್ದರು. ಒಳ್ಳೆ ಫೀಲ್ಡರ್, ದೊಡ್ಡ ಹೊಡೆತ. ಅವನೇ ಭವಿಷ್ಯ ಅಂತ ಎಲ್ಲರೂ ಅಂದುಕೊಂಡಿದ್ದರು. ಮೇ ಹೊತ್ತಿಗೆ ಬ್ಯಾಟ್ ಮಾತಾಡೋದು ನಿಲ್ಲಿಸಿತು, ಕೆಳಹಂತದ ಮೈನರ್ ಲೀಗ್‌ಗೆ ಕಳಿಸಿದರು. ಜುಲೈನಲ್ಲಿ ಮೂರು ತಂಡಗಳ ನಡುವಿನ ವ್ಯವಹಾರದಲ್ಲಿ ಡೆಟ್ರಾಯಿಟ್‌ಗೆ ಕಳಿಸಿಯೇಬಿಟ್ಟರು. ಬದಲಿಗೆ ಮುಖ್ಯವಾಗಿ ಸಿಕ್ಕಿದ್ದು ಯಾರು? ಎಡಗೈ ಪಿಚರ್ ಟೆಡ್ ಲಿಲಿ.

ಈಗ ನಿಮ್ಮ ಪ್ರಶ್ನೆಗೆ ಬಂದೆ. ಓಕ್ಲಂಡ್‌ನವರ ಕೈಯಲ್ಲಿ ಫಸ್ಟ್ ಬೇಸ್ ಒಂದು ಚಲಾವಣೆಯ ನೋಟು, ಅದನ್ನು ಕೊಟ್ಟು ಅವರು ಪಿಚರ್ ತಗೊಳ್ಳುತ್ತಿದ್ದರು. ಪೇನ್ಯಾ ಹೋದ, ಲಿಲಿ ಬಂದ. ಜಿಯಾಂಬಿ ಹೋದಾಗಲೂ ಇದೇ ಆಯಿತು. ಆಗಿನ ನಿಯಮದ ಪ್ರಕಾರ ದೊಡ್ಡ ಆಟಗಾರನನ್ನು ಕಳೆದುಕೊಂಡ ತಂಡಕ್ಕೆ ಡ್ರಾಫ್ಟ್‌ನಲ್ಲಿ ಪರಿಹಾರ ಸಿಗುತ್ತಿತ್ತು. ಯಾಂಕೀಸ್ ಬಿಟ್ಟುಕೊಟ್ಟ 24ನೇ ಆಯ್ಕೆಯಲ್ಲಿ ಓಕ್ಲಂಡ್ ಆರಿಸಿದ್ದು ಜೋ ಬ್ಲಾಂಟನ್‌ನನ್ನು. ಅವನೂ ಪಿಚರ್. 2005ರಿಂದ ಅವರ ಸ್ಟಾರ್ಟರ್‌ಗಳ ಸಾಲಿನಲ್ಲಿದ್ದ. ಕ್ಲೋಸರ್ ಜಾಗ ಖಾಲಿಯಾದಾಗ ಟೊರಾಂಟೊಗೆ ಕೊಟ್ಟವರಲ್ಲಿ ಮುಖ್ಯನಾದವನು ಇನ್‌ಫೀಲ್ಡರ್ ಎರಿಕ್ ಹಿನ್‌ಸ್ಕಿ. ಬಂದವನು ಬಿಲ್ಲಿ ಕಾಚ್. ಆ ವರ್ಷ 44 ಪಂದ್ಯ ಕಾಪಾಡಿದ. ಸೀಸನ್ ಮುಗಿದ ತಕ್ಷಣ ಕಾಚ್‌ನನ್ನೂ ಶಿಕಾಗೊಗೆ ಕೊಟ್ಟು ಕೀತ್ ಫೋಕ್ ಅನ್ನುವ ಇನ್ನೂ ಒಳ್ಳೆ ಕ್ಲೋಸರ್‌ನನ್ನು ತಂದರು. ಬೀನ್ ಸಂತೆಯಲ್ಲಿ ನಿಂತರೆ ಹಸು ಕೊಟ್ಟು ಎಮ್ಮೆ, ಎಮ್ಮೆ ಕೊಟ್ಟು ಜೋಡೆತ್ತು ಹೊಡಕೊಂಡು ಬರೋ ಆಸಾಮಿ.

ಎಲ್ಲಾ ಲಾಭವೇ ಅಂದುಕೊಳ್ಳಬೇಡಿ. ಹಿನ್‌ಸ್ಕಿ ಅದೇ ವರ್ಷ ಅಮೆರಿಕನ್ ಲೀಗ್‌ನ ಅತ್ಯುತ್ತಮ ಹೊಸಬ ಪ್ರಶಸ್ತಿ ಗೆದ್ದ. ಪೇನ್ಯಾ 2007ರಲ್ಲಿ ಟ್ಯಾಂಪಾ ಬೇ ಪರವಾಗಿ 46 ಹೋಮ್ ರನ್ ಬಾರಿಸಿದ. ಪೇನ್ಯಾ ಜೊತೆ ಡೆಟ್ರಾಯಿಟ್‌ಗೆ ಜೆರೆಮಿ ಬಾಂಡರ್‌ಮನ್ ಅನ್ನುವ ಹುಡುಗನೂ ಹೋಗಿದ್ದ, ಅವನು ಪಿಚರ್. 2006ರಲ್ಲಿ ಅಮೆರಿಕನ್ ಲೀಗ್ ಫೈನಲ್‌ನಲ್ಲಿ ಡೆಟ್ರಾಯಿಟ್ ಓಕ್ಲಂಡನ್ನು 4–0 ಅಂತರದಲ್ಲಿ ಮನೆಗೆ ಕಳಿಸಿತಲ್ಲ, ಆ ನಾಲ್ಕನೇ ಪಂದ್ಯ ಶುರು ಮಾಡಿದವನು ಇದೇ ಬಾಂಡರ್‌ಮನ್. ಕೊಟ್ಟ ನೋಟು ಕೆಲವೊಮ್ಮೆ ಹೀಗೂ ವಾಪಸ್ ಬರುತ್ತದೆ.

2002ರಲ್ಲಿ ಏನಾಯಿತು ಅಂದರೆ, ಝೀಟೊ 23 ಪಂದ್ಯ ಗೆದ್ದು ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ತಗೊಂಡ. ಮಲ್ಡರ್ 19, ಹಡ್ಸನ್ 15. ಹ್ಯಾಟೆಬರ್ಗ್ 15 ಹೋಮ್ ರನ್ ಮಾತ್ರ ಹೊಡೆದ, ಆದರೆ ನೂರಕ್ಕೆ 37 ಸಲ ಬೇಸ್ ಸೇರಿದ. ಜಿಯಾಂಬಿ ಯಾಂಕೀಸ್‌ಗೆ 41 ಹೋಮ್ ರನ್ ಹೊಡೆದುಕೊಟ್ಟ. ಯಾಂಕೀಸ್ ಗೆದ್ದಿದ್ದು 103 ಪಂದ್ಯ. ಓಕ್ಲಂಡ್ ಗೆದ್ದಿದ್ದೂ 103. ಸಂಬಳದ ವ್ಯತ್ಯಾಸ ಸುಮಾರು ಮೂರು ಪಟ್ಟು.

ಆ ವರ್ಷದ ಬಗ್ಗೆ ಸಿನಿಮಾನೂ ಬಂದಿದೆ, ನೀವು ನೋಡಿರಬಹುದು. ನೋಡಿದ ಹಲವರಿಗೆ ಅಗ್ಗದ ಫಸ್ಟ್ ಬೇಸ್‌ಮನ್‌ನಿಂದಲೇ ತಂಡ ಗೆದ್ದಿತು ಅನ್ನೋ ಭಾವನೆ ಇದೆ. ನನಗೆ ಅದು ಒಪ್ಪಿಗೆ ಇಲ್ಲ. ಆ ಮೂವರು ಪಿಚರ್‌ಗಳು ಇದ್ದಿದ್ದಕ್ಕೇ ಅಗ್ಗದ ಫಸ್ಟ್ ಬೇಸ್‌ಮನ್ ಸಾಕಾಯಿತು. ಅಡಿಪಾಯ ಗಟ್ಟಿ ಇದ್ದರೆ ಮೇಲೆ ಹಂಚು ಹೊದಿಸಿದರೂ ನಡೆಯುತ್ತದೆ.

ಆದರೂ ಆಟ ನಮ್ಮ ಸಿದ್ಧಾಂತ ಕೇಳಿಕೊಂಡು ನಡೆಯಲ್ಲ. 2002ರ ಸೆಪ್ಟೆಂಬರ್ 4ರ ರಾತ್ರಿ ಓಕ್ಲಂಡ್ ಸತತ 20ನೇ ಗೆಲುವಿಗೆ ಕಾಯುತ್ತಿತ್ತು. ಎದುರಾಳಿ ಕ್ಯಾನ್ಸಸ್ ಸಿಟಿ. ಪಿಚರ್ ಹಡ್ಸನ್. ಮೂರು ಇನಿಂಗ್ಸ್ ಆಗುವಷ್ಟರಲ್ಲಿ ಸ್ಕೋರ್ 11–0. ಗೆದ್ದಂತೆಯೇ, ಅಲ್ವಾ? ನಾಲ್ಕನೇ ಇನಿಂಗ್ಸ್‌ನಲ್ಲಿ ಐದು ರನ್ ಹೋಯಿತು. ಎಂಟನೆಯದರಲ್ಲಿ ಮತ್ತೆ ಐದು. ಒಂಬತ್ತನೆಯದರಲ್ಲಿ ಕಾಚ್ ಕೈಯಲ್ಲಿ ಇನ್ನೊಂದು ಹೋಗಿ 11–11. ಇಡೀ ತಂಡ ಯಾವ ಪಿಚಿಂಗ್ ಮೇಲೆ ನಿಂತಿತ್ತೋ ಅದೇ ಆ ರಾತ್ರಿ ಕುಸಿದು ಕೂತಿತು. ಆಗ ಬೆಂಚಿನಿಂದ ಎದ್ದು ಬಂದವನು ಹ್ಯಾಟೆಬರ್ಗ್, ಆ ದಿನ ಶುರುವಿನ ಒಂಬತ್ತರಲ್ಲಿ ಅವನ ಹೆಸರೇ ಇರಲಿಲ್ಲ. ಜೇಸನ್ ಗ್ರಿಮ್‌ಸ್ಲಿ ಎಸೆದ ಚೆಂಡನ್ನು ಬಲಗಡೆ ಬೇಲಿ ದಾಟಿಸಿದ. 12–11. ಗೆಲುವು ಪುಸ್ತಕದಲ್ಲಿ ಬರೆದಿದ್ದು ಮಾತ್ರ ಕಾಚ್ ಹೆಸರಿಗೆ, ಬೇಸ್‌ಬಾಲ್ ನಿಯಮ ಹಾಗಿದೆ. ಕಾಪಾಡಬೇಕಾದ ಪಂದ್ಯ ಕೈಬಿಟ್ಟವನಿಗೇ ಹಾರ.

ಹಾಗಾಗಿ "ಬುದ್ಧಿವಂತಿಕೆನಾ" ಅಂತ ಕೇಳಿದಿರಲ್ಲ, ದುಡ್ಡು ಕಡಿಮೆ ಇರುವ ತಂಡಕ್ಕೆ ಹೌದು ಅನ್ನುತ್ತೇನೆ. ಅದೂ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಉದ್ದದ ಓಟಕ್ಕೆ. ಅಕ್ಟೋಬರ್‌ನ ಪ್ಲೇಆಫ್ ಬೇರೆ ಪ್ರಾಣಿ. 2001ರ ಪ್ಲೇಆಫ್‌ನಲ್ಲಿ ಯಾಂಕೀಸ್ ಎದುರು ಝೀಟೊ ಎಂಟು ಇನಿಂಗ್ಸ್ ಎಸೆದು ಒಂದೇ ರನ್ ಕೊಟ್ಟ. ಓಕ್ಲಂಡ್ ಸೋತಿದ್ದು 1–0 ಅಂತರದಲ್ಲಿ. ಅಂಥ ರಾತ್ರಿ ಒಬ್ಬ ಪಿಚರ್ ಇನ್ನೇನು ಮಾಡೋಕಾಗುತ್ತದೆ? 2002ರಲ್ಲಿ 103 ಗೆಲುವು ಜೇಬಲ್ಲಿಟ್ಟುಕೊಂಡು ಮಿನೆಸೋಟ ಎದುರು ಮೊದಲ ಸುತ್ತಲ್ಲೇ ಹೊರಬಿದ್ದರು. ದುಡ್ಡಿರುವವರು ಎರಡನ್ನೂ ಕೊಳ್ಳುತ್ತಾರೆ. ಜಿಯಾಂಬಿಗೆ 12 ಕೋಟಿ ಕೊಟ್ಟ ಯಾಂಕೀಸ್ ಬಳಿ ಆಗಲೇ ರಾಜರ್ ಕ್ಲೆಮೆನ್ಸ್, ಮೈಕ್ ಮುಸಿನಾ ಇದ್ದರು.

ಇನ್ನು ಪಿಚರ್‌ನನ್ನು ಹಿಡಿದುಕೊಂಡೇ ಇರಬೇಕಾ? ಇಲ್ಲ. ತೋಳಿಗೂ ಗಡಿಯಾರ ಇದೆ. 2004ರ ಡಿಸೆಂಬರ್‌ನಲ್ಲಿ ಬೀನ್ ಹಡ್ಸನ್‌ನನ್ನು ಅಟ್ಲಾಂಟಾಗೆ ಕೊಟ್ಟರು. ಎರಡೇ ದಿನದಲ್ಲಿ ಮಲ್ಡರ್‌ನನ್ನು ಸೇಂಟ್ ಲೂಯಿಸ್‌ಗೆ. ಊರೆಲ್ಲಾ ಬೈದಿತು. ಮಲ್ಡರ್ ಅಲ್ಲಿ ಒಂದು ವರ್ಷ ಚೆನ್ನಾಗಿ ಎಸೆದ, 16 ಪಂದ್ಯ ಗೆದ್ದ. ಆಮೇಲೆ ಭುಜ ಹೋಯಿತು, ಹಳೆಯ ಮಲ್ಡರ್ ಮತ್ತೆ ಕಾಣಲೇ ಇಲ್ಲ. ಝೀಟೊ 2006ರವರೆಗೆ ಇದ್ದು, ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್‌ಗೆ ಏಳು ವರ್ಷಕ್ಕೆ 12.6 ಕೋಟಿ ಡಾಲರ್‌ಗೆ ಹೋದ.

ಮಲ್ಡರ್‌ಗೆ ಬದಲಾಗಿ ಓಕ್ಲಂಡ್‌ಗೆ ಸಿಕ್ಕಿದ್ದು ಮೂವರು. ಡ್ಯಾನ್ ಹ್ಯಾರನ್ ಮೂರು ವರ್ಷ ಒಳ್ಳೆ ಸ್ಟಾರ್ಟರ್ ಆಗಿ ಎಸೆದ. ಕೀಕೊ ಕಲೇರೊ ರಿಲೀವರ್. ಮೂರನೆಯವನು ಡಾರಿಕ್ ಬಾರ್ಟನ್, ಆಗಿನ್ನೂ ಮೈನರ್ ಲೀಗ್ ಹುಡುಗ, ಕ್ಯಾಚರ್. ಅವನನ್ನು ಫಸ್ಟ್ ಬೇಸ್‌ಗೆ ಹಾಕಿದರು. 2010ರಲ್ಲಿ ಅಮೆರಿಕನ್ ಲೀಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ವಾಕ್ ತಗೊಂಡವನು ಅವನೇ, 110.