ಇಂಟರ್‌ಫಿಯರೆನ್ಸ್ ಬೇರೆ, ವೀಕ್ ಸಿಗ್ನಲ್ ಬೇರೆ

ವೈಫೈ ಸ್ವಲ್ಪ ನಿಧಾನವಾದರೆ ಸಾಕು, "ಏನೋ ಇಂಟರ್‌ಫಿಯರೆನ್ಸ್ ಇದೆ" ಅಂದುಬಿಡುತ್ತಾರೆ. ರೂಟರ್ ಮೂರು ಗೋಡೆ ಆಚೆ ಇದ್ದರೂ ಅದೇ ಮಾತು. ಹೊರಗಿನಿಂದ ಬರುವ ಲೈನೇ ಕೆಟ್ಟಿದ್ದರೂ ಅದೇ ಮಾತು. ಎಲ್ಲ ಕಾಯಿಲೆಗೂ ಒಂದೇ ಹೆಸರಿಟ್ಟರೆ ಮದ್ದು ಹುಡುಕುವುದು ಹೇಗೆ?

ಗೋಡೆ ಮತ್ತು ದೂರ ಸಿಗ್ನಲ್ ಅನ್ನು ಕುಗ್ಗಿಸುತ್ತವೆ, ಅಷ್ಟೇ. ಇಂಟರ್‌ಫಿಯರೆನ್ಸ್ ಅನ್ನಬೇಕಾದರೆ ಇನ್ನೊಂದು ಸಾಧನ ಅದೇ ಫ್ರೀಕ್ವೆನ್ಸಿಯಲ್ಲಿ, ಅದೇ ಹೊತ್ತಿಗೆ ರೇಡಿಯೋ ಅಲೆ ಬಿಡುತ್ತಿರಬೇಕು. ಕಾರ್ಡ್‌ಲೆಸ್ ಫೋನ್ ಇದಕ್ಕೆ ಒಳ್ಳೆಯ ಉದಾಹರಣೆ. ಯಾರೋ ಫೋನ್ ಎತ್ತಿ ಮಾತು ಶುರು ಮಾಡುತ್ತಾರೆ, ಲ್ಯಾಪ್‌ಟಾಪ್‌ನಲ್ಲಿ ವಿಡಿಯೋ ನಿಂತುಹೋಗುತ್ತದೆ. ಆದರೆ ಸಿಗ್ನಲ್ ಕಡ್ಡಿ ಪೂರ್ತಿ ಇದೆ! ಫೋನ್ ಇಟ್ಟ ತಕ್ಷಣ ವಿಡಿಯೋ ಓಡುತ್ತದೆ. ರೂಟರ್‌ನ ಸಿಗ್ನಲ್ ಎಷ್ಟು ಜೋರಾಗಿದೆ ಅಂತ ಕಡ್ಡಿ ಹೇಳುತ್ತದೆಯೇ ಹೊರತು, ಅದರ ಮೇಲೆ ಎಷ್ಟು ಗದ್ದಲ ಬಿದ್ದಿದೆ ಅಂತ ಹೇಳುವುದಿಲ್ಲ. ಸಿಗ್ನಲ್ಲೇ ವೀಕ್ ಆಗಿದ್ದರೆ ಕಡ್ಡಿ ಇಳಿದಿರುತ್ತದೆ, ಫೋನ್ ಎತ್ತಿದರೂ ಇಟ್ಟರೂ ಹಾಗೇ ಇರುತ್ತದೆ.

2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ನಾವು 2.4 ಗಿಗಾಹರ್ಟ್ಸ್ ಅನ್ನುತ್ತೇವೆ. ಲೈಸೆನ್ಸ್ ಬೇಕಿಲ್ಲದ್ದರಿಂದ ವೈಫೈ, ಬ್ಲೂಟೂತ್, ಕೆಲವು ಕಾರ್ಡ್‌ಲೆಸ್ ಫೋನ್ ಎಲ್ಲವೂ ಅಲ್ಲೇ. ವೈಫೈಗೆ ಒಂದು ಶಿಸ್ತಿದೆ: ಕಳಿಸುವ ಮೊದಲು ಕೇಳಿಸಿಕೊಳ್ಳುತ್ತದೆ, ಬೇರೆಯವರು ಮಾತಾಡುತ್ತಿದ್ದರೆ ಕಾಯುತ್ತದೆ. ಪಕ್ಕದ ಮನೆಯ ವೈಫೈ ನಿಮ್ಮ ಚಾನೆಲ್‌ನಲ್ಲೇ, ಅಂದರೆ ಪಟ್ಟಿಯ ಅದೇ ನಂಬರಿನ ತುಂಡಿನಲ್ಲೇ, ಇದ್ದರೂ ಇಬ್ಬರೂ ಸರದಿಯಲ್ಲಿ ಹಂಚಿಕೊಳ್ಳುತ್ತಾರೆ. ಹಳೆಯ ಕಾರ್ಡ್‌ಲೆಸ್ ಫೋನ್‌ಗೆ ಈ ಸರದಿ ಗೊತ್ತಿಲ್ಲ. ಅದರ ಅಲೆ ಮೇಲೆ ಬಿದ್ದಾಗ ವೈಫೈ ಕಳಿಸಿದ ತುಣುಕು ಕೆಡುತ್ತದೆ, ತಲುಪಿತು ಅನ್ನುವ ಉತ್ತರ ಬರುವುದಿಲ್ಲ, ಮತ್ತೆ ಕಳಿಸಬೇಕಾಗುತ್ತದೆ. ಹೀಗೆ ಪದೇ ಪದೇ ಆದಾಗ ಸ್ಪೀಡ್ ಬೀಳುತ್ತದೆ.

"ಚಾನೆಲ್ 1ರಿಂದ 6ಕ್ಕೆ ಹಾಕಿ" ಅನ್ನುವ ಸಲಹೆ ಎಲ್ಲ ಕಡೆ ಕೆಲಸ ಮಾಡಲ್ಲ. ಒಂದೇ ಫ್ರೀಕ್ವೆನ್ಸಿಯಲ್ಲಿ ಕೂರುವ ಫೋನ್ ಆದರೆ ಸರಿ. ಇಡೀ ಪಟ್ಟಿಯಲ್ಲಿ ಜಿಗಿಯುತ್ತಾ ಹೋಗುವ ಫೋನ್ ಆದರೆ 1, 6, 11 ಯಾವುದಕ್ಕೆ ಹೋದರೂ ಅದು ಅಲ್ಲಿಗೂ ಬರುತ್ತದೆ.

ಇನ್ನು 'ಡೆಕ್ಟ್ 6.0' ಅಂತ ಬರೆದಿರುವ ಕಾರ್ಡ್‌ಲೆಸ್ ಫೋನ್. ಇದನ್ನು 6 ಗಿಗಾಹರ್ಟ್ಸ್ ಅಂದುಕೊಂಡು ವೈಫೈ ಕೆಡಲು ಇದೇ ಕಾರಣ ಅನ್ನುವವರು ಜಾಸ್ತಿ. ಅಲ್ಲಿರುವ 6.0 ಬರೀ ಮಾರಾಟಕ್ಕೆ ಇಟ್ಟ ಹೆಸರು. ಅಮೆರಿಕದಲ್ಲಿ ಈ ಫೋನ್ 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ; ಯುರೋಪಿನ ಡೆಕ್ಟ್‌ಗೆ 1880ರಿಂದ 1900. ವೈಫೈನ ಪಟ್ಟಿಗಳು ಇವುಗಳಿಂದ ದೂರ ಇವೆ. ಸುಮ್ನೆ ಅದರ ಮೇಲೆ ತಪ್ಪು ಹೊರಿಸಬೇಡಿ.

5.8 ಗಿಗಾಹರ್ಟ್ಸ್ ಫೋನ್ ಇದ್ದರೆ ಮಾತ್ರ ಸ್ವಲ್ಪ ಎಚ್ಚರ. ಅದು ವೈಫೈನ ಇನ್ನೊಂದು ಪಟ್ಟಿಯಾದ 5 ಗಿಗಾಹರ್ಟ್ಸ್‌ನ 149ರಿಂದ 165ರವರೆಗಿನ ಚಾನೆಲ್‌ಗಳ ಮೇಲೆ ಬರಬಹುದು. 36ರಿಂದ 48ರ ಗುಂಪಿಗೆ ಹೋದರೆ ಆ ತಾಪತ್ರಯ ಇಲ್ಲ. ಆದರೆ ಇಂಥ ಕೆಲವು ಫೋನ್‌ಗಳು ಒಂದು ದಿಕ್ಕಿನ ಮಾತಿಗೆ 2.4 ಅನ್ನೇ ಬಳಸುತ್ತವೆ. ಹಾಗಾಗಿ ಡಬ್ಬದ ಮೇಲಿನ ಅಂಕಿ ನಂಬಿ ಕೂರುವ ಬದಲು ಫೋನ್‌ನ ಬೇಸ್‌ನ ಪ್ಲಗ್ ಕಿತ್ತು, ಹ್ಯಾಂಡ್‌ಸೆಟ್‌ನ ಬ್ಯಾಟರಿ ತೆಗೆದು ವೈಫೈ ನೋಡಿ. ಆಗಲೂ ಹಾಗೇ ಇದ್ದರೆ ಕಾರಣ ಆ ಫೋನ್ ಅಲ್ಲ.